ಪರಿಸರ ಸಾರ್ವಜನಿಕ ಆಲಿಕೆ: ಪೇಪರ್ ಜಾಹೀರಾತಿನಿಂದ ಹಸಿರು ಪೀಠದವರೆಗೆ

ಊರ ಪಕ್ಕ ಗಣಿ ಬರುತ್ತೆ, ಸಿಮೆಂಟ್ ಕಾರ್ಖಾನೆ ಬರುತ್ತೆ ಅನ್ನುವ ಸುದ್ದಿ ಹಬ್ಬಿದ ಕೂಡಲೇ ಕೇಳಿಬರುವ ಮಾತು ಒಂದಿದೆ. 'ಸಭೆ ದಿನ ಎಲ್ಲ ಸೇರಿ ಗಲಾಟೆ ಮಾಡೋಣ, ತಾನಾಗೇ ನಿಲ್ಲುತ್ತೆ.' ನಿಲ್ಲುವುದಿಲ್ಲ. ಪರಿಸರ ಸಾರ್ವಜನಿಕ ಆಲಿಕೆಯಲ್ಲಿ, ಅಂದರೆ ಯೋಜನೆಗೆ ಒಪ್ಪಿಗೆ ಕೊಡುವ ಮೊದಲು ಜನರ ಮಾತು ಕೇಳುವ ಸಭೆಯಲ್ಲಿ, ಯಾರೂ ಕೈ ಎಣಿಸುವುದಿಲ್ಲ. ಸಾವಿರ ಜನ ಬೇಡ ಅಂದರೂ ಯೋಜನೆಗೆ ಒಪ್ಪಿಗೆ ಸಿಗಬಹುದು. ಆದರೆ ನಡಾವಳಿಯಲ್ಲಿ ದಾಖಲಾದ ಒಂದು ಗಟ್ಟಿ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋದರೆ, ಅದೇ ಒಪ್ಪಿಗೆ ನ್ಯಾಯಾಲಯದಲ್ಲಿ ಬಿದ್ದುಹೋಗಬಹುದು. ಕಾನೂನಿಗೆ ಕಾಣಿಸುವುದು ಕಾಗದ ಮಾತ್ರ. ಈ ಲೇಖನದ ಎಲ್ಲ ಹಂತಗಳೂ ಆ ಕಾಗದವನ್ನು ಸರಿಯಾಗಿ ಹುಟ್ಟಿಸುವುದರ ಬಗ್ಗೆಯೇ.

ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. ಭೋಪಾಲ್ ಅನಿಲ ದುರಂತ ನಡೆದದ್ದು 1984ರಲ್ಲಿ. ಅದರ ಬೆನ್ನಿಗೆ 1986ರ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಆ ಕಾಯ್ದೆಯಡಿ ಈಗ ಜಾರಿಯಲ್ಲಿರುವುದು 2006ರ ಸೆಪ್ಟೆಂಬರ್ 14ರ ಇಐಎ (ಪರಿಸರ ಪರಿಣಾಮ ಮೌಲ್ಯಮಾಪನ) ಅಧಿಸೂಚನೆ. ದೊಡ್ಡ ಯೋಜನೆ ಶುರುವಾಗುವ ಮೊದಲೇ ಅದರ ಪರಿಸರ ಪರಿಣಾಮ ಅಳೆಯಬೇಕು, ಜನರ ಮಾತು ಕೇಳಬೇಕು ಅನ್ನುವುದು ಅದರ ತಿರುಳು. ವಿಶ್ವಸಂಸ್ಥೆಯ 1992ರ ರಿಯೋ ಘೋಷಣೆಯ 10ನೇ ಮತ್ತು 17ನೇ ತತ್ವಗಳು ಹೇಳುವುದೂ ಇದನ್ನೇ. ಬೆಳವಣಿಗೆ ಬೇಕು, ಅದು ಮುಂದಿನವರ ನೀರು ನೆಲ ತಿನ್ನಬಾರದು ಎಂಬ ಸುಸ್ಥಿರ ಅಭಿವೃದ್ಧಿಯ ಮಾತನ್ನು ಸುಪ್ರೀಂ ಕೋರ್ಟ್ 1996ರಲ್ಲಿ, ವೆಲ್ಲೂರಿನ ಚರ್ಮ ಹದ ಮಾಡುವ ಘಟಕಗಳ ಪ್ರಕರಣದಲ್ಲಿ, ನಮ್ಮ ಕಾನೂನಿನ ಭಾಗವೇ ಎಂದು ಒಪ್ಪಿಕೊಂಡಿತು. ಈಗ ಕೆಲಸಕ್ಕೆ ಬರೋಣ.

ಮೊದಲು ನೋಡಿ: ಆಲಿಕೆ ಇದೆಯಾ?

ಎಲ್ಲ ಯೋಜನೆಗೂ ಆಲಿಕೆ ಇರುವುದಿಲ್ಲ. ಅಧಿಸೂಚನೆ ಯೋಜನೆಗಳನ್ನು 'ಎ' ಮತ್ತು 'ಬಿ' ಎಂದು ಎರಡು ಮಾಡುತ್ತದೆ. 'ಎ' ಕೇಂದ್ರ ಪರಿಸರ ಸಚಿವಾಲಯಕ್ಕೆ ಹೋಗುತ್ತದೆ. 'ಬಿ' ರಾಜ್ಯ ಮಟ್ಟದ ಪರಿಸರ ಪ್ರಾಧಿಕಾರಕ್ಕೆ ಹೋಗುತ್ತದೆ. 'ಬಿ'ಯಲ್ಲಿ ಮತ್ತೆ ಬಿ1, ಬಿ2. ಬಿ2 ಆದರೆ ಇಐಎ ವರದಿಯೂ ಇಲ್ಲ, ಆಲಿಕೆಯೂ ಇಲ್ಲ. ದೊಡ್ಡ ಕಟ್ಟಡ, ಬಡಾವಣೆಗಳಿಗೆ ಪರಿಸರ ಅನುಮತಿ ಬೇಕು, ಆಲಿಕೆ ಬೇಡ. ಹೊಸದಾಗಿ ಭೂಸ್ವಾಧೀನ ಇಲ್ಲದ ರಸ್ತೆ ಅಗಲೀಕರಣಕ್ಕೂ ವಿನಾಯಿತಿ ಇದೆ. ದೇಶದ ರಕ್ಷಣೆಗೆ ಸಂಬಂಧಿಸಿದ ಯೋಜನೆಗಳಿಗೂ ಇದೆ.

ಇದನ್ನು ತಿಳಿಯಲು ಯಾರ ಕಾಲೂ ಹಿಡಿಯಬೇಕಿಲ್ಲ. ಕೇಂದ್ರ ಸರ್ಕಾರದ 'ಪರಿವೇಶ್' ಜಾಲತಾಣದಲ್ಲಿ ರಾಜ್ಯ, ಜಿಲ್ಲೆ ಆರಿಸಿ ಹುಡುಕಿದರೆ ಅರ್ಜಿ, ನಕ್ಷೆ, ಸಮಿತಿ ಸಭೆಗಳ ಟಿಪ್ಪಣಿ ಎಲ್ಲ ಸಿಗುತ್ತವೆ. ಹುಡುಕಾಟ ಸ್ವಲ್ಪ ತಾಳ್ಮೆ ಪರೀಕ್ಷಿಸುತ್ತದೆ, ಅದು ಬೇರೆ ವಿಷಯ. ಅಲ್ಲಿ ಮುಖ್ಯವಾಗಿ ಇಳಿಸಿಕೊಳ್ಳಬೇಕಾದದ್ದು ಟಿಒಆರ್. ಯಾವ ಯಾವ ಅಧ್ಯಯನ ಮಾಡಿ ವರದಿ ಕೊಡಬೇಕು ಎಂದು ತಜ್ಞರ ಸಮಿತಿ ಕಂಪನಿಗೆ ಕೊಟ್ಟ ಪಟ್ಟಿ ಅದು. ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಒಂದು ಎಚ್ಚರಿಕೆ. ಅರಣ್ಯ ಭೂಮಿ ಬಳಕೆಗೆ ಬೇರೆಯೇ ಅನುಮತಿ ಬೇಕು. ಅಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆ, ಗ್ರಾಮಸಭೆಯ ಅಧಿಕಾರ ಇವೆಲ್ಲ ಬರುತ್ತವೆ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ 12 ಗ್ರಾಮಸಭೆಗಳು ಬೇಡ ಅಂದದ್ದಕ್ಕೆ ಗಣಿ ನಿಂತಿತು. ಅದನ್ನು ಕೇಳಿದವರು ಪರಿಸರ ಆಲಿಕೆಗೂ ಅದೇ ಬಲ ಇದೆ ಅಂದುಕೊಳ್ಳುತ್ತಾರೆ. ಎರಡೂ ಬೇರೆ ಬೇರೆ ದಾರಿ.

ಜಾಹೀರಾತು ಬಂದ ದಿನ

ಆಲಿಕೆ ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಒಂದು ರಾಷ್ಟ್ರೀಯ ದಿನಪತ್ರಿಕೆ ಮತ್ತು ಒಂದು ಸ್ಥಳೀಯ ಭಾಷೆಯ ದಿನಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು. ಜನರಿಗೆ ಕನಿಷ್ಠ 30 ದಿನ ಸಮಯ ಸಿಗಬೇಕು. 2020ರ ಕರಡು ಅಧಿಸೂಚನೆ ಇದನ್ನು 20 ದಿನಕ್ಕೆ ಇಳಿಸಲು ಹೊರಟಿತ್ತು. ಆ ಕರಡನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಎಲ್ಲ ಭಾಷೆಗಳಿಗೂ ಅನುವಾದಿಸಿ ಎಂದು ಅದೇ ವರ್ಷ ಜೂನ್‌ನಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಜನರಿಗೆ ತಿಳಿಯದ ಭಾಷೆಯಲ್ಲಿ ಅಭಿಪ್ರಾಯ ಕೇಳುವುದು ಸುಮ್ನೆ ಶಾಸ್ತ್ರಕ್ಕೆ, ಅಲ್ವಾ?

ಪೇಪರ್ ಕತ್ತರಿಸಿ ಇಟ್ಟುಕೊಳ್ಳಿ. ಪತ್ರಿಕೆಯ ಹೆಸರು, ತಾರೀಖು ಕಾಣುವ ಹಾಗೆ ಪೂರ್ತಿ ಪುಟದ ಫೋಟೋವನ್ನೂ ತೆಗೆಯಿರಿ. ಜಾಹೀರಾತಿನ ದಿನದಿಂದ ಆಲಿಕೆಯ ದಿನದವರೆಗೆ ಎಣಿಸಿ. 30ಕ್ಕಿಂತ ಕಡಿಮೆ ಇದ್ದರೆ ಅದೇ ನಿಮ್ಮ ಮೊದಲ ಆಕ್ಷೇಪಣೆ. ಜಿಲ್ಲಾಧಿಕಾರಿಗೂ ಮಂಡಳಿಗೂ ಅವತ್ತೇ ಬರೆದು ಕೊಡಿ.

ಕರಡು ಇಐಎ ವರದಿಯ ಪ್ರತಿ ಡಿಸಿ ಕಚೇರಿ, ಜಿಲ್ಲಾ ಪಂಚಾಯಿತಿ ಅಥವಾ ನಗರಸಭೆ, ಜಿಲ್ಲಾ ಕೈಗಾರಿಕಾ ಕೇಂದ್ರ, ಸಚಿವಾಲಯದ ಪ್ರಾದೇಶಿಕ ಕಚೇರಿ ಇಂಥ ಕಡೆ ಇಟ್ಟಿರಬೇಕು. ಕಚೇರಿ ವೇಳೆಯಲ್ಲಿ ಯಾರು ಬೇಕಾದರೂ ನೋಡಬಹುದು. ಹೋಗಿ ಕೇಳಿ. 'ನಮ್ಮಲ್ಲಿ ಬಂದಿಲ್ಲ' ಅಂದರೆ ಜಗಳ ಬೇಡ. 'ಇಂಥ ದಿನ ಬಂದು ಕೇಳಿದೆವು, ವರದಿ ಲಭ್ಯವಿರಲಿಲ್ಲ' ಎಂದು ಒಂದು ಮನವಿ ಬರೆದು ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಆ ಸೀಲಿನ ಬೆಲೆ ನಿಮಗೆ ಆಮೇಲೆ ಗೊತ್ತಾಗುತ್ತದೆ.

ಮಾಹಿತಿ ಹಕ್ಕಿನಲ್ಲಿ ಕೇಳಬಹುದಲ್ಲ ಅಂತೀರಾ? ಕೇಳಬಹುದು. ಆದರೆ ಉತ್ತರಕ್ಕೆ 30 ದಿನ ಅವಕಾಶ ಇದೆ, ಅಷ್ಟರಲ್ಲಿ ಆಲಿಕೆ ಮುಗಿದಿರುತ್ತದೆ. ಹಾಗಾಗಿ ಮಾಹಿತಿ ಹಕ್ಕಿನ ಅರ್ಜಿಯನ್ನು ಜಾಹೀರಾತಿಗೆ ಕಾಯದೆ, ಗಾಳಿಮಾತು ಕೇಳಿದ ದಿನವೇ ಹಾಕಿ.

ವರದಿಯನ್ನು ಹೇಗೆ ಓದುವುದು

ಪೂರ್ತಿ ವರದಿ ಇಂಗ್ಲಿಷಿನಲ್ಲಿ ಇರುತ್ತದೆ, ನೂರಾರು ಪುಟ. ಕನ್ನಡದಲ್ಲಿ ಸಿಗುವುದು ಸಾರಾಂಶ ಮಾತ್ರ. ನಿಯಮದ ಪ್ರಕಾರ ಅದು ಹೆಚ್ಚೆಂದರೆ 10 ಪುಟ. ಸಾರಾಂಶ ಓದಿ ಸಮಾಧಾನಪಟ್ಟುಕೊಳ್ಳಬೇಡಿ. ಎಲ್ಲ ಚೆನ್ನಾಗಿದೆ ಎಂದು ಹೇಳುವುದಕ್ಕೇ ಅದನ್ನು ಬರೆದಿರುತ್ತಾರೆ. ಊರಲ್ಲಿ ಇಂಗ್ಲಿಷ್ ಓದುವ ಹುಡುಗ ಹುಡುಗಿಯರು ಇದ್ದೇ ಇರುತ್ತಾರೆ. ಅಧ್ಯಾಯ ಹಂಚಿಕೊಡಿ. ನಾಲ್ಕೈದು ಜನ ಒಂದು ವಾರ ಕೂತರೆ ಮುಗಿಯುತ್ತದೆ.

ಎಲ್ಲ ಪುಟ ಓದಲು ಆಗದಿದ್ದರೆ ಇಷ್ಟಾದರೂ ನೋಡಿ.

ಮೊದಲನೆಯದು ನಕ್ಷೆ ಮತ್ತು ಸುತ್ತಲಿನ ವಿವರ. ಯೋಜನೆಯ ಸುತ್ತ ಸಾಮಾನ್ಯವಾಗಿ 10 ಕಿಲೋಮೀಟರ್ ಅಧ್ಯಯನ ಮಾಡಿರುತ್ತಾರೆ. ಅದರೊಳಗೆ ನಿಮ್ಮ ಕೆರೆ ಇದೆಯಾ? ಹಳ್ಳ ಇದೆಯಾ? ಶಾಲೆ, ದೇವರಕಾಡು, ಗೋಮಾಳ ಇದೆಯಾ? ಬೆಂಗಳೂರಿನ ಕಚೇರಿಯಲ್ಲಿ ಕೂತವರಿಗೆ ಬೇಸಿಗೆಯಲ್ಲಿ ಬತ್ತುವ ಹಳ್ಳ ಖಾಲಿ ಜಾಗದ ಹಾಗೆ ಕಾಣಬಹುದು. ಸರ್ವೆ ನಂಬರ್ ಹಿಡಿದು, ಪಹಣಿ ಇಟ್ಟುಕೊಂಡು ತಾಳೆ ನೋಡಿ. ಬಿಟ್ಟುಹೋದದ್ದನ್ನು ಪಟ್ಟಿ ಮಾಡಿ. ಇದು ಚಿಲ್ಲರೆ ವಿಷಯ ಅಲ್ಲ. ಗೋವಾದ ಮೋಪಾ ವಿಮಾನ ನಿಲ್ದಾಣದ ಅರ್ಜಿಯಲ್ಲಿ ಸುತ್ತಲಿನ ಕಾಡುಗಳ ವಿವರ ಸರಿಯಾಗಿ ಕೊಟ್ಟಿರಲಿಲ್ಲ. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಅನುಮತಿಯನ್ನೇ ತಡೆಹಿಡಿದು, ಮತ್ತೆ ಪರಿಶೀಲಿಸಿ ಅಂದಿತು. ಮುಂದಿನ ವರ್ಷ ಹೆಚ್ಚುವರಿ ಷರತ್ತುಗಳೊಂದಿಗೆ ಕೆಲಸ ಮುಂದುವರಿಯಿತು ನಿಜ. ಆ ಷರತ್ತುಗಳು ಬಂದದ್ದು ಯಾರೋ ಅರ್ಜಿಯನ್ನು ಸಾಲು ಸಾಲು ಓದಿದ್ದರಿಂದ.

ಎರಡನೆಯದು ಮಾಹಿತಿ ಸಂಗ್ರಹಿಸಿದ ಕಾಲ. ಗಾಳಿ, ನೀರು, ಜೀವಿಗಳ ಸ್ಥಿತಿಯನ್ನು ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತುವಿನ ಮೂರು ತಿಂಗಳು ಅಳೆಯುತ್ತಾರೆ. ಮಲೆನಾಡಿನಲ್ಲಿ ಮಾರ್ಚ್‌ನಿಂದ ಮೇವರೆಗೆ ನೋಡಿದವರಿಗೆ ಏನು ಕಂಡೀತು? ಕಪ್ಪೆಗಳು ಕೂಗುವುದು ಮಳೆಯಲ್ಲಿ. ಗಣಿಯ ಮಣ್ಣು ಕೊಚ್ಚಿಕೊಂಡು ಗದ್ದೆಗೆ ಬರುವುದೂ ಮಳೆಯಲ್ಲೇ. 'ಈ ಮೂರು ತಿಂಗಳ ಮಾಹಿತಿಯಿಂದ ಮಳೆಗಾಲದ ಪರಿಣಾಮವನ್ನು ಹೇಗೆ ಅಂದಾಜು ಮಾಡಿದಿರಿ?' ಎಂಬ ಪ್ರಶ್ನೆ ಅಲ್ಲಿ ಸಿದ್ಧವಾಗಿ ಕೂತಿದೆ. ಮಾಪನ ಎಷ್ಟು ವರ್ಷ ಹಳೆಯದು ಅಂತಲೂ ನೋಡಿ.

ಮೂರನೆಯದು ಲೆಕ್ಕ. ನನ್ನ ಪ್ರಕಾರ ಜನ ಗೆಲ್ಲಬಹುದಾದ ಜಾಗ ಇದೇ, ಏಕೆಂದರೆ ಇಲ್ಲಿ ಬೇಕಾಗಿರುವುದು ಪದವಿ ಅಲ್ಲ, ಭಾಗಾಕಾರ. ಉದಾಹರಣೆಗೆ ವರ್ಷಕ್ಕೆ 10 ಲಕ್ಷ ಟನ್ ಅದಿರು ಸಾಗಿಸುತ್ತೇವೆ ಎಂದು ಬರೆದಿದ್ದಾರೆ ಅಂದುಕೊಳ್ಳಿ. ವರ್ಷಕ್ಕೆ 300 ಕೆಲಸದ ದಿನ. ದಿನಕ್ಕೆ ಸುಮಾರು 3,333 ಟನ್. ಲಾರಿಗೆ 20 ಟನ್ ಹಿಡಿದರೆ 167 ಲೋಡು. ಖಾಲಿ ವಾಪಸ್ ಬರುವುದೂ ಸೇರಿ 333 ಓಡಾಟ. ದಿನಕ್ಕೆ 12 ಗಂಟೆ ಓಡಿದರೆ ಹೆಚ್ಚುಕಡಿಮೆ ಎರಡು ನಿಮಿಷಕ್ಕೆ ಒಂದು ಲಾರಿ ನಿಮ್ಮ ಶಾಲೆಯ ಮುಂದೆ. 'ಸಂಚಾರದ ಮೇಲೆ ಗಣನೀಯ ಪರಿಣಾಮ ಇಲ್ಲ' ಎಂಬ ಅವರ ವಾಕ್ಯದ ಪಕ್ಕ ಈ ಲೆಕ್ಕ ಇಡಿ.

ಗಾಳಿಗೂ ಹೀಗೇ. ಪಿಎಂ 2.5 ಎಂಬ ಸಣ್ಣ ದೂಳಿಗೆ 24 ಗಂಟೆಯ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ಈಗಲೇ 55 ಇದೆ, ಯೋಜನೆಯಿಂದ ಸೇರುವುದು 'ಬರೀ 8' ಎಂದು ವರದಿ ಹೇಳಿದರೆ, ಎರಡನ್ನೂ ಕೂಡಿ. ಮಿತಿ ದಾಟಿತು. ಪಕ್ಕದಲ್ಲಿ ಈಗಾಗಲೇ ಇರುವ ಕ್ರಷರ್, ಇಟ್ಟಿಗೆ ಗೂಡುಗಳ ದೂಳು ಲೆಕ್ಕದಲ್ಲಿ ಇದೆಯಾ ಎಂದೂ ಕೇಳಿ. ನೀರಿನ ಅಧ್ಯಾಯದಲ್ಲಿ 'ದಿನಕ್ಕೆ 500 ಕಿಲೋಲೀಟರ್' ಎಂದು ಕಂಡರೆ ಅದನ್ನು 5 ಲಕ್ಷ ಲೀಟರ್ ಎಂದು ಓದಿಕೊಳ್ಳಿ. ಕೊಳವೆ ಬಾವಿಯೋ, ನದಿಯೋ, ಟ್ಯಾಂಕರೋ ಎಂದು ಹುಡುಕಿ.

ನಾಲ್ಕನೆಯದು ಟಿಒಆರ್. ಆ ಪಟ್ಟಿ ಪಕ್ಕಕ್ಕಿಟ್ಟುಕೊಂಡು ಒಂದೊಂದಕ್ಕೂ ವರದಿಯಲ್ಲಿ ಉತ್ತರ ಇದೆಯಾ ಎಂದು ಗುರುತು ಹಾಕುತ್ತಾ ಹೋಗಿ. ಪರ್ಯಾಯಗಳ ಅಧ್ಯಾಯ ತುಂಬಾ ಸಲ ತೆಳ್ಳಗಿರುತ್ತದೆ. 'ಬೇರೆ ಜಾಗ ಪರಿಶೀಲಿಸಲಾಗಿದೆ, ಇದೇ ಸೂಕ್ತ' ಎಂಬ ಎರಡು ಸಾಲು ಇದ್ದರೆ ಯಾವ ಜಾಗ, ಯಾಕೆ ಬೇಡವಾಯಿತು ಎಂದು ಕೇಳುವ ಹಕ್ಕು ನಿಮಗಿದೆ.

ನಕಲು ಇದೆಯಾ ಎಂದೂ ಕಣ್ಣಾಡಿಸಿ. ನಿಮ್ಮಲ್ಲಿ ಇಲ್ಲದ ನದಿಯ ಹೆಸರು, ಕೇಳದ ಮರ, ಬೇರೆ ಜಿಲ್ಲೆಯ ಊರು ನುಸುಳಿರಬಹುದು. ಮಹಾರಾಷ್ಟ್ರದ ರತ್ನಾಗಿರಿಯ ಬಾಕ್ಸೈಟ್ ಗಣಿಯೊಂದರ ವರದಿಯಲ್ಲಿ ರಷ್ಯಾದ ಗಣಿಯ ವರದಿಯಿಂದ ಎತ್ತಿದ ಭಾಗಗಳು ಸಿಕ್ಕಿಬಿದ್ದಿದ್ದವು.

ಆಕ್ಷೇಪಣೆ ಬರೆಯುವುದು

ಮಾತಾಡಿದ್ದಕ್ಕಿಂತ ಬರೆದು ಕೊಟ್ಟದ್ದು ಗಟ್ಟಿ. ಸ್ಥಳೀಯರು ಆಲಿಕೆಯಲ್ಲಿ ಮಾತಾಡಬಹುದು, ಬರೆದೂ ಕೊಡಬಹುದು. ಬೆಂಗಳೂರಲ್ಲೋ ಮುಂಬೈಯಲ್ಲೋ ಇರುವ ಊರಿನ ಮಕ್ಕಳು, ವಿಷಯ ಗೊತ್ತಿರುವ ಹೊರಗಿನವರು ಲಿಖಿತವಾಗಿ ಕಳಿಸಬಹುದು. ಇದಕ್ಕೂ ಅಧಿಸೂಚನೆಯಲ್ಲೇ ಜಾಗ ಇದೆ. ಮಂಡಳಿಗೆ ಕಳಿಸಿ, ಪ್ರತಿಯನ್ನು ಜಿಲ್ಲಾಧಿಕಾರಿಗೆ ಕೊಡಿ. ಕನ್ನಡದಲ್ಲೇ ಬರೆಯಿರಿ, ಹಿಂಜರಿಕೆ ಬೇಡ.

'ಈ ಕಾರ್ಖಾನೆಯಿಂದ ನಮ್ಮ ಪರಿಸರ ಹಾಳಾಗುತ್ತದೆ, ಆದ್ದರಿಂದ ವಿರೋಧಿಸುತ್ತೇವೆ' ಎಂದು ಬರೆದರೆ ಕಂಪನಿಯ ಉತ್ತರ ಒಂದೇ ಸಾಲು: 'ಎಲ್ಲ ಮುನ್ನೆಚ್ಚರಿಕೆ ತೆಗೆದುಕೊಳ್ಳಲಾಗುವುದು.' ಮುಗಿಯಿತು. ಅದರ ಬದಲು ಹೀಗೆ ಬರೆಯಿರಿ:

'ಕರಡು ವರದಿಯ ಇಂಥ ಪುಟದಲ್ಲಿ ಯೋಜನಾ ಸ್ಥಳದ 2 ಕಿಲೋಮೀಟರ್ ಒಳಗೆ ಜಲಮೂಲ ಇಲ್ಲ ಎಂದಿದೆ. ಆದರೆ ಸರ್ವೆ ನಂಬರ್ ಇಂಥದ್ದರಲ್ಲಿ ನಮ್ಮ ಊರ ಕೆರೆ ಇದೆ. ದಾಖಲೆ ಮತ್ತು ಫೋಟೋ ಲಗತ್ತಿಸಿದೆ. ಈ ಕೆರೆಯ ಅಚ್ಚುಕಟ್ಟಿನ ಮೇಲೆ ಆಗುವ ಪರಿಣಾಮದ ಅಧ್ಯಯನ ನಡೆದಿಲ್ಲ. ಟಿಒಆರ್‌ನ ಇಂಥ ಅಂಶ ಇದನ್ನು ಕೇಳಿತ್ತು. ಅಧ್ಯಯನ ಮಾಡಿಸಿ, ಅದನ್ನು ಅಂತಿಮ ವರದಿಯಲ್ಲಿ ಸೇರಿಸುವವರೆಗೆ ಯೋಜನೆಯನ್ನು ಪರಿಗಣಿಸಬಾರದು.'

ಪುಟ, ತಪ್ಪು, ಪುರಾವೆ, ಬೇಡಿಕೆ ನಾಲ್ಕೂ ಇದರಲ್ಲಿವೆ. ಇದಕ್ಕೆ ಒಂದು ಸಾಲಿನ ಉತ್ತರ ಕೊಟ್ಟರೆ ಅದು ಉತ್ತರ ಅಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಒಂದೇ ಪತ್ರದ ಐನೂರು ಜೆರಾಕ್ಸ್‌ಗೆ ಸಹಿ ಹಾಕಿಸುವುದಕ್ಕಿಂತ ಹತ್ತು ಬೇರೆ ಬೇರೆ ಪತ್ರ ವಾಸಿ. ಒಂದರಲ್ಲಿ ನೀರು, ಒಂದರಲ್ಲಿ ಲಾರಿ, ಒಂದರಲ್ಲಿ ದನಗಳ ಮೇವು. ಗ್ರಾಮಸಭೆ ಕರೆಸಿ ನಿರ್ಣಯ ಮಾಡಿಸಿದರೆ ಅದನ್ನೂ ಲಗತ್ತಿಸಿ. ಪಿಡಿಒ ಸಹಿ, ಸೀಲು ಮರೆಯಬೇಡಿ.

ವಿರೋಧ ಇಲ್ಲದವರೂ ಬರೆಯಬೇಕು ಅನ್ನುವುದು ನನ್ನ ಅಭಿಪ್ರಾಯ. ಕೆಲಸ ಬೇಕು, ಕಾರ್ಖಾನೆ ಬರಲಿ ಅನ್ನುವವರು ಊರಲ್ಲಿ ಇರುತ್ತಾರೆ. ಅದು ತಪ್ಪಲ್ಲ. ಎಷ್ಟು ಕೆಲಸ, ಕಾಯಂ ಎಷ್ಟು, ಗುತ್ತಿಗೆ ಎಷ್ಟು, ಬೈಪಾಸ್ ರಸ್ತೆ ಯಾವ ವರ್ಷದೊಳಗೆ ಎಂದು ಅವರು ಬರೆದು ಕೇಳಲಿ. ಆಲಿಕೆಯಲ್ಲಿ ಕಂಪನಿ ಒಪ್ಪಿಕೊಂಡದ್ದನ್ನು ಪರಿಸರ ನಿರ್ವಹಣಾ ಯೋಜನೆಯ ಭಾಗ ಮಾಡಬೇಕು ಎಂದು ಸಚಿವಾಲಯ 2020ರಲ್ಲಿ ಸೂಚನೆ ಕೊಟ್ಟಿದೆ. ಬಾಯಿಮಾತಿನ ಭರವಸೆ ಸಭೆ ಮುಗಿದ ಸಂಜೆಗೇ ಆವಿಯಾಗುತ್ತದೆ.

ಆಲಿಕೆಯ ದಿನ

ಅಧ್ಯಕ್ಷತೆ ಜಿಲ್ಲಾಧಿಕಾರಿಯದ್ದು. ಅವರು ಬಾರದಿದ್ದರೆ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿನವರು ಕೂರುವಂತಿಲ್ಲ. ಜೊತೆಗೆ ಮಂಡಳಿಯ ಅಧಿಕಾರಿ ಇರುತ್ತಾರೆ. ಯಾರು ಕೂತರು ಎಂದು ಬರೆದುಕೊಳ್ಳಿ. ಬಾಗಿಲಲ್ಲಿ ಹಾಜರಿ ಪುಸ್ತಕ ಇರುತ್ತದೆ, ಸಹಿ ಮಾಡಿ. ಕೆಲವರು ಸಹಿ ಹಾಕಿದರೆ ಒಪ್ಪಿಗೆ ಕೊಟ್ಟಂತೆ ಎಂದು ಹೆದರುತ್ತಾರೆ. ಹಾಜರಿ ಎಂದು ತಲೆಬರಹ ಇದೆಯಾ ನೋಡಿ ಹಾಕಿದರೆ ಸಾಕು.

ಬಹಿಷ್ಕಾರ ಹಾಕೋಣವೇ? ಕೋಪ ಅರ್ಥವಾಗುತ್ತದೆ. ಆದರೆ ಆಲಿಕೆಗೆ ಇಷ್ಟೇ ಜನ ಬರಬೇಕೆಂಬ ಕೋರಂ ಇಲ್ಲ. ಯಾರೂ ಬಾರದಿದ್ದರೂ ಆಲಿಕೆ ನಡೆಯಿತು ಎಂದೇ ಲೆಕ್ಕ. ಗಲಾಟೆಯದ್ದು ಇನ್ನೂ ಅಪಾಯ. ಸ್ಥಳೀಯ ಪರಿಸ್ಥಿತಿಯಿಂದ ಜನ ಮುಕ್ತವಾಗಿ ಮಾತಾಡುವಂತೆ ಆಲಿಕೆ ನಡೆಸಲು ಆಗುವುದಿಲ್ಲ ಎಂದು ವರದಿ ಹೋದರೆ, ಆಲಿಕೆಯೇ ಬೇಡ ಎಂದು ಪ್ರಾಧಿಕಾರ ತೀರ್ಮಾನಿಸಬಹುದು. ಅಧಿಸೂಚನೆಯಲ್ಲಿ ಹೀಗೊಂದು ಕಲಂ ಇದೆ. ಕುರ್ಚಿ ಎಸೆದವರು ತಮ್ಮ ಊರಿನ ಬಾಯನ್ನೇ ಮುಚ್ಚಿದಂತಾಗುತ್ತದೆ.

ಮೊದಲು ಕಂಪನಿಯವರು ವಿವರಣೆ ಕೊಡುತ್ತಾರೆ. ಇಂಗ್ಲಿಷಿನ ಸ್ಲೈಡು ಓದತೊಡಗಿದರೆ ಕನ್ನಡದಲ್ಲಿ ಹೇಳಿ ಎಂದು ಮೊದಲೇ ಕೇಳಿ. ನಿಮ್ಮ ಸರದಿ ಬಂದಾಗ ಹೆಸರು, ಊರು ಹೇಳಿ, ಪತ್ರದ ಮುಖ್ಯ ಅಂಶ ಮೂರು ನಿಮಿಷದಲ್ಲಿ ಮುಗಿಸಿ. ಹಾಜರಿದ್ದ ಪ್ರತಿಯೊಬ್ಬರಿಗೂ ಮಾತಾಡುವ ಅವಕಾಶ ಕೊಡಲೇಬೇಕು. ಸಭೆಯ ವಿಡಿಯೊ ಚಿತ್ರೀಕರಣ ಕಡ್ಡಾಯ. ನೀವೂ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ.

ಊಟದ ಹೊತ್ತಾಯಿತು ಎಂದು ಜನ ಎದ್ದುಹೋಗುವ ಕೊನೆಯ ಅರ್ಧ ಗಂಟೆ ಇದೆಯಲ್ಲ, ಅದೇ ಬಹಳ ಮುಖ್ಯ. ಅಲ್ಲಿ ಹೇಳಿದ ಎಲ್ಲ ಅಭಿಪ್ರಾಯಗಳ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಒಪ್ಪಿಗೆಯಾದ ನಡಾವಳಿಗೆ ಅಂದೇ ಜಿಲ್ಲಾಧಿಕಾರಿ ಸಹಿ ಹಾಕಬೇಕು. ನಿಮ್ಮ ಅಂಶ ಬಿಟ್ಟುಹೋಗಿದ್ದರೆ ಅಲ್ಲೇ ಎದ್ದು ಹೇಳಿ ಸೇರಿಸಿ. ಓದಲೇ ಇಲ್ಲ ಅಂದರೆ ಆ ಸಂಗತಿಯನ್ನು ಬರೆದು ಅಂದೇ ಕೊಡಿ.

ಆಮೇಲೆ

ನಡಾವಳಿಯನ್ನು ಪಂಚಾಯಿತಿ, ಜಿಲ್ಲಾ ಪಂಚಾಯಿತಿ, ಡಿಸಿ ಕಚೇರಿಗಳಲ್ಲಿ ಪ್ರದರ್ಶಿಸಬೇಕು. ಪ್ರತಿ ಪಡೆಯಿರಿ. ಕಂಪನಿ ಜನರ ಆಕ್ಷೇಪಣೆಗಳಿಗೆ ಉತ್ತರ ಸೇರಿಸಿ ಅಂತಿಮ ವರದಿ ಮಾಡುತ್ತದೆ. ಅದು ತಜ್ಞರ ಸಮಿತಿಗೆ ಹೋಗುತ್ತದೆ. ಸಭೆಯ ಕಾರ್ಯಸೂಚಿ ಪರಿವೇಶ್‌ನಲ್ಲಿ ಬರುತ್ತದೆ. ವಾರಕ್ಕೊಮ್ಮೆ ನೋಡುತ್ತಿರಿ. ಕಂಪನಿಯ ಉತ್ತರ ಜಾರಿಕೊಳ್ಳುವಂತಿದ್ದರೆ ಸಭೆಗೆ ಮೊದಲು ಸಮಿತಿಯ ಸದಸ್ಯ ಕಾರ್ಯದರ್ಶಿಗೆ ಇಮೇಲ್ ಮಾಡಿ. ಜನರ ಆಕ್ಷೇಪಣೆಯನ್ನು ಯಾಕೆ ಒಪ್ಪಿದೆವು, ಯಾಕೆ ತಳ್ಳಿಹಾಕಿದೆವು ಎಂದು ಸಮಿತಿ ಕಾರಣ ಬರೆಯಬೇಕು. ಗೋವಾದ ಗಣಿಯೊಂದರ ಪ್ರಕರಣದಲ್ಲಿ 2009ರಲ್ಲಿ ದೆಹಲಿ ಹೈಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ.

ಅನುಮತಿ ಸಿಕ್ಕರೆ 30 ದಿನ

ಅನುಮತಿ ಸಿಕ್ಕಿದ ವಿಷಯವನ್ನು ಕಂಪನಿ ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಒಂದು ಸ್ಥಳೀಯ ಭಾಷೆಯಲ್ಲಿ ಇರಬೇಕು. ಅಲ್ಲಿಂದ ಗಡಿಯಾರ ಓಡಲು ಶುರು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಅಂದರೆ ಎನ್‌ಜಿಟಿ, 2010ರ ಕಾಯ್ದೆಯಿಂದ ಬಂದದ್ದು. ಅದರ 16ನೇ ಕಲಂನಡಿ ಮೇಲ್ಮನವಿಗೆ 30 ದಿನ. ತಕ್ಕ ಕಾರಣ ಇದ್ದರೆ ಇನ್ನೂ 60 ದಿನ. ಒಟ್ಟು 90 ದಾಟಿದರೆ ಬಾಗಿಲು ಬಂದ್, ಎಷ್ಟು ಒಳ್ಳೆಯ ವಾದ ಇದ್ದರೂ. ಆದ್ದರಿಂದ ಆಲಿಕೆ ಮುಗಿದ ಮೇಲೂ ಒಬ್ಬರು ದಿನಾ ಪೇಪರ್ ನೋಡುವ ಜವಾಬ್ದಾರಿ ಹೊರಬೇಕು.

ಕರ್ನಾಟಕದ ಪ್ರಕರಣಗಳು ಚೆನ್ನೈಯ ದಕ್ಷಿಣ ವಲಯ ಪೀಠಕ್ಕೆ ಹೋಗುತ್ತವೆ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ವಕೀಲರಿಲ್ಲದೆ ತಾವೇ ವಾದಿಸಬಹುದು. ಕನ್ನಡ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಬೇಕಾಗುತ್ತದೆ. ತೀರ್ಪು ಕೊಡುವಾಗ ಸುಸ್ಥಿರ ಅಭಿವೃದ್ಧಿ, ಮುನ್ನೆಚ್ಚರಿಕೆ, ಮಾಲಿನ್ಯ ಮಾಡಿದವರೇ ತೆರಬೇಕು ಎಂಬ ಮೂರು ತತ್ವಗಳನ್ನು ಅನ್ವಯಿಸಬೇಕು ಎಂದು 20ನೇ ಕಲಂ ಹೇಳುತ್ತದೆ. ಸೀಲು ಹಾಕಿಸಿದ ಮನವಿ, ಜಾಹೀರಾತಿನ ಫೋಟೋ, ನಡಾವಳಿ, ವಿಡಿಯೊ ಇವೆಲ್ಲ ಕೆಲಸಕ್ಕೆ ಬರುವುದು ಇಲ್ಲಿ.

ಕೆಲಸ ಶುರುವಾದ ಮೇಲೆ

ಅನುಮತಿ ಪತ್ರ ಅಂದರೆ ಷರತ್ತುಗಳ ಪಟ್ಟಿ. ಅದನ್ನು ಕನ್ನಡಕ್ಕೆ ಮಾಡಿಸಿ ಪಂಚಾಯಿತಿ ಗೋಡೆಗೆ ಅಂಟಿಸಿ. ಲಾರಿಗೆ ಟಾರ್ಪಾಲು, ರಸ್ತೆಗೆ ನೀರು ಸಿಂಪಡಣೆ, ಇಷ್ಟು ಅಗಲದ ಹಸಿರು ಪಟ್ಟಿ ಇಂಥವನ್ನು ಪರೀಕ್ಷಿಸಲು ತಜ್ಞರು ಬೇಡ. ಕಂಪನಿ ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಷರತ್ತು ಪಾಲನೆಯ ವರದಿ ಕೊಡಬೇಕು. ಅದು ಸಾರ್ವಜನಿಕ ದಾಖಲೆ. ಇಳಿಸಿಕೊಂಡು, ಅವರು ಬರೆದದ್ದಕ್ಕೂ ನಿಮ್ಮ ಕಣ್ಣಿಗೆ ಕಂಡದ್ದಕ್ಕೂ ತಾಳೆ ನೋಡಿ. ವ್ಯತ್ಯಾಸ ಇದ್ದರೆ ತಾರೀಖು ಇರುವ ಫೋಟೋ ಜೊತೆ ಸಚಿವಾಲಯದ ಬೆಂಗಳೂರು ಪ್ರಾದೇಶಿಕ ಕಚೇರಿಗೂ ಮಂಡಳಿಗೂ ದೂರು ಕೊಡಿ. ಹಿಂಬರಹ ಬರುವವರೆಗೆ ಬೆನ್ನು ಹತ್ತಿ. 2023ರ ತಿದ್ದುಪಡಿಯ ನಂತರ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಜೈಲಿನ ಬದಲು 10,000ದಿಂದ 15 ಲಕ್ಷ ರೂಪಾಯಿವರೆಗೆ ದಂಡ ಇದೆ. ದೊಡ್ಡ ಕಂಪನಿಗೆ ಅದು ದೊಡ್ಡ ಮೊತ್ತ ಅಲ್ಲ. ಆದರೆ ಅದೇ ಕಂಪನಿ ಮುಂದೆ ವಿಸ್ತರಣೆಗೆ ಅರ್ಜಿ ಹಾಕಿದಾಗ ಹಳೆಯ ಷರತ್ತು ಪಾಲಿಸಿದೆಯಾ ಎಂದು ಸಮಿತಿ ನೋಡುತ್ತದೆ. ನಿಮ್ಮ ದೂರುಗಳ ಫೈಲು ಆಗ ಅವರ ಮೇಜಿನ ಮೇಲೆ ಇರುವಂತೆ ನೋಡಿಕೊಳ್ಳಿ.